ಎಷ್ಟಿದೆ ನಿಮ್ದು?

(ಮೈಸೂರಿನ ನಮ್ಮ ಬಡಾವಣೆಯ ಹಿರಿಯರ ಬಳಗದಲ್ಲಿ ಕಳೆದ ನವೆಂಬರ್‌ನಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹತ್ತು ನಿಮಿಷದ ಹಿಂದೆ ಕಾಫಿ ಕೊಡುವ ಹುಡುಗ ಬಾಗಿಲ ಹತ್ತಿರ ನಿಂತು, "ಶುಗರ್‌ಲೆಸ್ ಯಾರಿಗೆ? ಕೈ ಎತ್ತಿ" ಅಂದ. ನಾನು ಇಲ್ಲಿ ಮೇಲೆ ಕೂತಿದ್ದೆ, ಎಲ್ಲಾ ಕಾಣುತ್ತಿತ್ತು. ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಕೈ ಎತ್ತುವುದರಲ್ಲಿ ಎಷ್ಟು ಬಗೆ ಇದೆ ಅಂತ ಚೆನ್ನಾಗಿ ಗೊತ್ತು. ಕೆಲವರು ಸೀದಾ ಎತ್ತಿದಿರಿ. ಕೆಲವರ ಕೈ ಕಿವಿ ತನಕ ಹೋಗಿ, ತಲೆ ಕೆರೆದುಕೊಂಡು ವಾಪಸ್ ಬಂತು. ಒಬ್ಬರು ಪಕ್ಕದವರನ್ನು ಒಮ್ಮೆ ನೋಡಿ, ಸಕ್ಕರೆ ಹಾಕಿದ್ದನ್ನೇ ತಗೊಂಡು, ಎರಡು ಗುಟುಕು ಕುಡಿದು ಲೋಟವನ್ನು ಕುರ್ಚಿ ಕೆಳಗೆ ಇಟ್ಟರು. ಯಾರು ಅಂತ ಹೇಳುವುದಿಲ್ಲ. ಹೆದರಬೇಡಿ.

ಇವತ್ತಿನ ನನ್ನ ಮಾತೆಲ್ಲ ಆ ಲೋಟದ ಬಗ್ಗೆ. ಏನು ತಿನ್ನಬೇಕು, ಎಷ್ಟು ನಡೆಯಬೇಕು ಅನ್ನುವುದನ್ನು ಹೇಳೋಕೆ ಡಾಕ್ಟರುಗಳಿದ್ದಾರೆ. ನಾನು ಗಣಿತದ ಟೀಚರ್ ಆಗಿದ್ದವಳು. 17 ವರ್ಷದಿಂದ ಶುಗರ್ ಇದೆ, ಈ ವೇದಿಕೆ ಹತ್ತೋಕೆ ನನಗಿರುವ ಅರ್ಹತೆ ಅಷ್ಟೇ.

2008ರಲ್ಲಿ ಆರು ತಿಂಗಳಿಗೆ ಎರಡು ಸಲ ಕನ್ನಡಕದ ನಂಬರು ಬದಲಾಯಿತು. ಕಣ್ಣಿನ ಡಾಕ್ಟರೇ ರಕ್ತ ಪರೀಕ್ಷೆ ಮಾಡಿಸಿ ಅಂದರು. ಖಾಲಿ ಹೊಟ್ಟೆಯದ್ದು 186 ಬಂತು. 126 ಮುಟ್ಟಿದರೆ ಶುಗರ್ ಅಂತ ಲೆಕ್ಕ. ಆ ರಿಪೋರ್ಟನ್ನು ನಾನು ಮನೆಗೆ ತಂದು ಉತ್ತರಪತ್ರಿಕೆಗಳ ಕಟ್ಟಿನೊಳಗೆ ಸಿಕ್ಕಿಸಿಟ್ಟೆ. ಹನ್ನೊಂದು ದಿನ ಅಲ್ಲೇ ಇತ್ತು. ನನ್ನ ಟೇಬಲ್ಲು, ನನ್ನ ಮನೆ, ಆದರೂ ಕಳ್ಳತನದ ಮಾಲು ಇಟ್ಟ ಹಾಗೆ.

ಯಾಕೆ ಅಂತ ಆಮೇಲೆ ತುಂಬಾ ಸಲ ಯೋಚನೆ ಮಾಡಿದ್ದೇನೆ. ಭಯ ಇತ್ತು, ನಿಜ. ಅದಕ್ಕಿಂತ ಜಾಸ್ತಿ ಇದ್ದಿದ್ದು ನಾಚಿಕೆ. ಕಾಯಿಲೆಗೆ ಎಂಥ ನಾಚಿಕೆ ಅನ್ನಬಹುದು ನೀವು. ನನಗೆ ಹತ್ತು ವರ್ಷ ಆಗಿದ್ದಾಗ ಟೈಫಾಯ್ಡ್ ಬಂದಿತ್ತು. ಬೀದಿಯವರೆಲ್ಲ ಬಂದು ಹಣೆ ಮುಟ್ಟಿ ನೋಡಿ ಹೋದರು. ಟೈಫಾಯ್ಡ್ ಬಂತು ಅಂದರೆ "ಪಾಪ" ಅಂತಾರೆ. ಶುಗರ್ ಬಂತು ಅಂದರೆ "ಯಾಕೆ ಬಂತು?" ಅಂತಾರೆ. ಹಿಂದೆಯೇ "ಸ್ವೀಟ್ ಜಾಸ್ತಿ ತಿಂತಿದ್ರಾ?" ನಮ್ಮ ಥರದವರಿಗೆ ಬರುವ ಟೈಪ್ 2 ಶುಗರ್‌ನಲ್ಲಿ ವಂಶದ ಪಾಲಿದೆ, ವಯಸ್ಸಿನ ಪಾಲಿದೆ, ಹೊಟ್ಟೆ ಸುತ್ತ ಬರುವ ಬೊಜ್ಜಿನ ಪಾಲಿದೆ. ಯಾವುದು ಎಷ್ಟು ಅಂತ ಒಬ್ಬೊಬ್ಬರ ವಿಷಯದಲ್ಲಿ ಬಿಡಿಸಿ ಹೇಳೋಕಾಗಲ್ಲ. ಆದರೆ ಕೇಳುವವರ ಮುಖದಲ್ಲಿ ಉತ್ತರ ಆಗಲೇ ಬರೆದಿರುತ್ತೆ. ಮೈಸೂರ್‌ಪಾಕ್.

ಅದಕ್ಕೇ ನಾವೆಲ್ಲ ಒಂದು ಮಾತು ಕಲಿತಿದ್ದೇವೆ. "ಬಾರ್ಡರ್‌ನಲ್ಲಿದೆ." ನಗ್ತಾ ಇದೀರಿ, ಅಂದ್ರೆ ನೀವೂ ಹೇಳಿದ್ದೀರಿ. ಬಾರ್ಡರ್ ಅನ್ನುವುದು ನಿಜವಾಗಿ ಇದೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 5.7ರಿಂದ 6.4ರ ತನಕ ಬಾರ್ಡರ್. 6.5ಕ್ಕೆ ಗಡಿ ದಾಟಿದಂತೆ. ಆದರೆ 9 ಇರುವವರು, ದಿನಕ್ಕೆ ನಾಲ್ಕು ಮಾತ್ರೆ ನುಂಗುವವರು, ಎಲ್ಲರೂ ಬಾರ್ಡರ್‌ನಲ್ಲೇ ಇದ್ದಾರೆ. ಆ ಬಾರ್ಡರ್‌ನಲ್ಲಿ ಇರುವಷ್ಟು ಜನ ದೇಶದ ಯಾವ ಬಾರ್ಡರ್‌ನಲ್ಲೂ ಇಲ್ಲ!

ಹನ್ನೆರಡನೇ ದಿನ ನಮ್ಮ ಮನೆಯವರಿಗೆ ಹೇಳಿದೆ. ಅವರು ಒಳ್ಳೆಯವರು, ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ರಿಪೋರ್ಟ್ ಓದಿದರು, ಕನ್ನಡಕ ತೆಗೆದರು. "ನಾಳೆಯಿಂದ ಐದೂವರೆಗೆ ವಾಕಿಂಗ್. ಅನ್ನ ಬಂದ್" ಅಂದರು. ಪಾಪ, ಅವರಿಗೆ ತೋಚಿದ್ದು ಅದು. ಗಾಬರಿಯಾದಾಗ ಗಂಡಸರು ಟೈಮ್ ಟೇಬಲ್ ಹಾಕ್ತಾರೆ. ನನಗೆ ಬೇಕಾಗಿದ್ದು ಬೇರೆ. ಹತ್ತು ನಿಮಿಷ ಸುಮ್ನೆ ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು.

ಮೊನ್ನೆ ನವೆಂಬರ್ 14 ಆಯಿತಲ್ಲ. ನಮಗೆ ಅದು ಮಕ್ಕಳ ದಿನಾಚರಣೆ, ಶಾಲೆಯಲ್ಲಿ ಲಾಡು ಹಂಚುತ್ತಿದ್ದೆವು. ವಿಶ್ವ ಮಧುಮೇಹ ದಿನವೂ ಅವತ್ತೇ. ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದು 1891ರ ನವೆಂಬರ್ 14ರಂದು. ಅವರೂ ಚಾರ್ಲ್ಸ್ ಬೆಸ್ಟ್ ಅನ್ನುವ ಹುಡುಗನೂ ಸೇರಿ ಕೆನಡಾದ ಟೊರಾಂಟೊದಲ್ಲಿ 1921ರಲ್ಲಿ ಆ ಕೆಲಸ ಶುರುಮಾಡಿದರು. ಅದಕ್ಕೆ ಮೊದಲು ಮಕ್ಕಳಿಗೆ ಬರುವ ಶುಗರ್‌ಗೆ, ಅಂದರೆ ಟೈಪ್ 1ಕ್ಕೆ, ಔಷಧಿಯೇ ಇರಲಿಲ್ಲ. ಹೆಚ್ಚೆಂದರೆ ಉಪವಾಸ ಕೆಡವಿ ಒಂದೆರಡು ವರ್ಷ ಸಾವನ್ನು ಮುಂದಕ್ಕೆ ಹಾಕುತ್ತಿದ್ದರು.

ಅಂಥ ಮಕ್ಕಳಲ್ಲಿ ಎಲಿಜಬೆತ್ ಹ್ಯೂಸ್ ಒಬ್ಬಳು. ಅವಳ ಅಪ್ಪ ಆಗ ಅಮೆರಿಕದ ವಿದೇಶಾಂಗ ಮಂತ್ರಿ. 1922ರ ಆಗಸ್ಟ್‌ನಲ್ಲಿ ಅವಳನ್ನು ಬ್ಯಾಂಟಿಂಗ್ ಹತ್ತಿರ ಕರೆದುಕೊಂಡು ಹೋದಾಗ ವಯಸ್ಸು ಹದಿನೈದು ತುಂಬುವುದರಲ್ಲಿತ್ತು, ತೂಕ ಸುಮಾರು 20 ಕೆಜಿ. ಇನ್ಸುಲಿನ್ ಕೊಟ್ಟರು, ಬದುಕಿದಳು. ಕಾಲೇಜು ಓದಿದಳು, ಮದುವೆಯಾದಳು, ಮೂರು ಮಕ್ಕಳನ್ನು ಹೆತ್ತಳು. 1981ರಲ್ಲಿ, 73ನೇ ವಯಸ್ಸಿಗೆ ತೀರಿಕೊಂಡಳು. ಅಷ್ಟರಲ್ಲಿ ತಗೊಂಡ ಇಂಜೆಕ್ಷನ್‌ಗಳು 42 ಸಾವಿರದ ಹತ್ತಿರ.

ನನಗೆ ಅವಳ ವಿಷಯದಲ್ಲಿ ಕಾಡುವುದು ಬೇರೆ. ಇಷ್ಟೆಲ್ಲ ಆದವಳು ತನಗೆ ಶುಗರ್ ಇದೆ ಅಂತ ತೀರಾ ಹತ್ತಿರದ ಕೆಲವರನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಸುಮಾರು ಅರವತ್ತು ವರ್ಷ. ದುಡ್ಡಿಗೆ ಕೊರತೆಯಿಲ್ಲ, ಓದಿಗೆ ಕೊರತೆಯಿಲ್ಲ, ಅಪ್ಪ ಆಮೇಲೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ. ಅಂಥವಳೇ ಬಾಯಿಬಿಡಲಿಲ್ಲ ಅಂದ ಮೇಲೆ ನನ್ನ ಹನ್ನೊಂದು ದಿನ ಏನು ಮಹಾ ಅಲ್ವಾ?

ಅವಳ ಕಥೆ ಓದುವಾಗೆಲ್ಲ ನನ್ನ ಒಬ್ಬ ವಿದ್ಯಾರ್ಥಿನಿ ಕಣ್ಮುಂದೆ ಬರುತ್ತಾಳೆ. ಸುಮಾರು 2001ರ ಮಾತು, ನಾನಾಗ ಕೆಲಸ ಮಾಡುತ್ತಿದ್ದ ಒಂದು ಶಾಲೆ. ಎಂಟನೇ ಕ್ಲಾಸಿನ ಹುಡುಗಿ. ಟೈಪ್ 1. ಮೈಯ ರಕ್ಷಣೆಗೆ ಇರುವ ಪಡೆಯೇ ದಾರಿತಪ್ಪಿ, ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಹಾಳುಮಾಡುತ್ತೆ. ಸಿಹಿ ತಿಂದಿದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅವಳ ತಾಯಿ ಸ್ಟಾಫ್ ರೂಮಿಗೆ ಬಂದು, ಬೇರೆಯವರು ಹೋಗುವ ತನಕ ಕಾದು, ನನ್ನೊಬ್ಬಳಿಗೇ ಹೇಳಿದರು. "ಯಾರಿಗೂ ಗೊತ್ತಾಗಬಾರದು ಮೇಡಂ. ಹೆಣ್ಣು ಹುಡುಗಿ. ನಾಳೆ ಗಂಡಿನ ಕಡೆಯವರು ವಿಚಾರಿಸ್ತಾರೆ." ಹುಡುಗಿಗೆ ಆಗ ಹದಿಮೂರು ವರ್ಷ.

ನಾನು ಒಪ್ಪಿಕೊಂಡೆ. ದಿನಾ ಮಧ್ಯಾಹ್ನ ಅವಳು ಟಾಯ್ಲೆಟ್ಟಿಗೆ ಹೋಗಿ, ಬಾಗಿಲು ಹಾಕಿಕೊಂಡು, ಗೋಡೆಗೆ ಒರಗಿ ನಿಂತು ಚುಚ್ಚಿಕೊಳ್ಳುತ್ತಿದ್ದಳು. ಚಿಲಕ ಸರಿಯಿರಲಿಲ್ಲ. ನಾನು ಹೊರಗೆ ಕಾವಲು ನಿಲ್ಲುತ್ತಿದ್ದೆ. ದೊಡ್ಡ ಉಪಕಾರ ಮಾಡ್ತಿದ್ದೀನಿ ಅಂದುಕೊಂಡಿದ್ದೆ.

ಒಂದು ದಿನ ಕಡೇ ಪೀರಿಯಡ್ಡು ಪಿ.ಟಿ. ನಾನು ರಜ. ಹುಡುಗಿ ಮೈದಾನದಲ್ಲಿ ಬೆವರೋಕೆ ಶುರುಮಾಡಿದ್ದಾಳೆ. ಕೈ ನಡುಗಿದೆ, ಮಾತು ತೊದಲಿದೆ, ಏನೋ ಕೇಳಿದ್ದಕ್ಕೆ ಮೇಷ್ಟ್ರಿಗೆ ಎದುರುತ್ತರ ಕೊಟ್ಟಿದ್ದಾಳೆ. ಶುಗರ್ ಲೋ ಆದರೆ ಸಿಟ್ಟು ಬರುತ್ತೆ, ಅದೂ ಒಂದು ಲಕ್ಷಣ. ಅವರಿಗೇನು ಗೊತ್ತು? "ನಾಟಕ ಆಡ್ತೀಯಾ, ಎರಡು ರೌಂಡು ಓಡು" ಅಂದರು. ಅವಳು ಓಡಿದಳು. ಗುಟ್ಟು ಬಿಟ್ಟುಕೊಡಬಾರದಲ್ಲ, ಅದಕ್ಕೇ ಓಡಿದಳು. ಒಂದೂವರೆ ರೌಂಡಿಗೆ ಬಿದ್ದಳು.

ಉಳಿದುಕೊಂಡಳು. ಗೆಳತಿಯೊಬ್ಬಳಿಗೆ ಅವಳು ಹೇಗೋ ಹೇಳಿಟ್ಟಿದ್ದಳಂತೆ. ಆ ಮಗು ಬ್ಯಾಗಿನಿಂದ ಗ್ಲೂಕೋಸ್ ಪುಡಿ ತಂದು, ಇನ್ನೂ ಎಚ್ಚರ ಇದ್ದಾಗಲೇ ನೀರಿಗೆ ಹಾಕಿ ಕುಡಿಸಿದೆ. ನಾನು ಮೇಷ್ಟ್ರಿಗೆ ಹೇಳದೇ ಇದ್ದಿದ್ದನ್ನು ಹದಿಮೂರು ವರ್ಷದ ಹುಡುಗಿ ಗೆಳತಿಗೆ ಹೇಳಿದ್ದಳು. ಆ ಮೇಷ್ಟ್ರು ಮಾರನೇ ದಿನ ಸ್ಟಾಫ್ ರೂಮಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ತಲೆ ತಗ್ಗಿಸಬೇಕಾಗಿದ್ದವಳು ನಾನು. ವಾರ ಬಿಟ್ಟು, ಹುಡುಗಿಯನ್ನೂ ತಾಯಿಯನ್ನೂ ಕೇಳಿಯೇ, ಅವರು ಕ್ಲಾಸಿಗೆ ಬಂದು ಹೇಳಿದರು: "ವಾಸಿಂ ಅಕ್ರಂ ಬೌಲಿಂಗ್ ನೋಡಿದ್ದೀರೇನ್ರೋ? 1997ರಿಂದ ಅವರಿಗೂ ಇದೇ ಇದೆ. ಇನ್ಸುಲಿನ್ ತಗೊಂಡೇ ಆಡ್ತಾ ಇದ್ದಾರೆ." ಪಾಕಿಸ್ತಾನದವರಾದರೇನು, ಹುಡುಗರ ಬಾಯಿ ಮುಚ್ಚಿಸೋಕೆ ಅಷ್ಟು ಸಾಕಾಯಿತು.

ಆ ತಾಯಿಯ ಭಯ ಸುಳ್ಳು ಅಂತ ನಾನು ಹೇಳಲ್ಲ. ಆಗಲೂ ಸುಳ್ಳಾಗಿರಲಿಲ್ಲ, ಈಗಲೂ ಅಲ್ಲ. ಊರಿಗೆಲ್ಲ ಡಂಗುರ ಹೊಡೆಸಿ ಅಂತಲೂ ಹೇಳಲ್ಲ. ಆದರೆ ನೀವು ಬೆವರುವಾಗ ನಿಮ್ಮ ಪಕ್ಕ ಇರುವವರಿಗೆ ಗೊತ್ತಿರಬೇಕು. ವಾಕಿಂಗ್ ಜೊತೆಗಾರರಿಗೆ, ಕೆಲಸದವಳಿಗೆ, ಆಫೀಸಿನಲ್ಲಿ ಪಕ್ಕದ ಟೇಬಲ್ಲಿನವರಿಗೆ. ಶುಗರ್ 70ಕ್ಕಿಂತ ಕೆಳಗೆ ಹೋದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕೊಡಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ. ಇಷ್ಟು ಹೇಳೋಕೆ ಅರ್ಧ ನಿಮಿಷ ಸಾಕು.

ಈಗ ನನ್ನ ಕಸುಬಿನ ವಿಷಯಕ್ಕೆ ಬರ್ತೀನಿ, ನಂಬರು. ಜೀವಮಾನವಿಡೀ ಮಕ್ಕಳನ್ನು "ಎಷ್ಟು ಬಂತು?" ಅಂತ ಕೇಳಿದವಳು ನಾನು. ಈಗ ಮದುವೆ ಮನೆಯಲ್ಲಿ, ಲಿಫ್ಟಿನಲ್ಲಿ, ತರಕಾರಿ ಗಾಡಿ ಹತ್ತಿರ ನನ್ನನ್ನು ಕೇಳುತ್ತಾರೆ, "ಎಷ್ಟಿದೆ ನಿಮ್ದು?" 140 ಅಂದರೆ "ಪರವಾಗಿಲ್ವೇ" ಅಂತ ಬೆನ್ನು ತಟ್ಟುತ್ತಾರೆ. 240 ಅಂದರೆ ಒಂದು ಹೆಜ್ಜೆ ಹಿಂದೆ ಸರಿದು ಕಣ್ಣು ದೊಡ್ಡದು ಮಾಡುತ್ತಾರೆ. ಆಮೇಲೆ "ಕಂಟ್ರೋಲಲ್ಲಿ ಇಟ್ಕೊಬೇಕು ಕಣ್ರೀ". ಪಾಸು, ಫೇಲು. ಸರಿಯಾಗಿ ನಿದ್ದೆ ಮಾಡದಿದ್ದರೆ ಜಾಸ್ತಿಯಾಗಬಹುದು, ಜ್ವರ ಬಂದರೆ ಜಾಸ್ತಿಯಾಗುತ್ತೆ, ಮಗಳ ಮನೆಯಲ್ಲಿ ಏನೋ ತೊಂದರೆ ಅಂತ ಫೋನ್ ಬಂದರೂ ಏರಬಹುದು. ಆ ನಂಬರು ನಡತೆ ಸರ್ಟಿಫಿಕೇಟ್ ಅಲ್ಲವೇ ಅಲ್ಲ. ಆದರೂ ಪರೀಕ್ಷೆಗೆ ಎರಡು ದಿನ ಮೊದಲು ನಾವು ಊಟ ಕಮ್ಮಿ ಮಾಡುತ್ತೇವೆ. ಕಾಪಿ ಹೊಡೆದ ಹಾಗೆ!

ಇದಕ್ಕೂ ಒಂದು ಅಳತೆ ಇದೆ ಅಂತ ಗೊತ್ತಾದಾಗ ಆಶ್ಚರ್ಯವಾಯಿತು. ಶುಗರ್ ಇರುವವರ ಮನಸ್ಸಿನ ಭಾರ ಅಳೆಯೋಕೆ 1995ರಲ್ಲಿ ಅಮೆರಿಕದಲ್ಲಿ ವಿಲಿಯಂ ಪೊಲೊನ್ಸ್ಕಿ ಮತ್ತು ಜೊತೆಯವರು 20 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಅದರಲ್ಲಿ ಒಂದು, ನಾಲ್ಕು ಜನರ ಮಧ್ಯೆ ಇದನ್ನು ತಿನ್ನು, ಅದನ್ನು ತಿನ್ನಬೇಡ ಅಂತ ಬೇರೆಯವರು ಹೇಳುವಾಗ ಆಗುವ ಮುಜುಗರದ ಬಗ್ಗೆ. ಇನ್ನೊಂದು, ಈ ಕಾಯಿಲೆಯ ಜೊತೆ ನಾನೊಬ್ಬಳೇ ಅನ್ನಿಸುವುದರ ಬಗ್ಗೆ. ನಮ್ಮ ದೇಶದಲ್ಲಿ ಶುಗರ್ 10.1 ಕೋಟಿ ಜನಕ್ಕೆ ಇದೆ ಅಂತ 2023ರಲ್ಲಿ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಲೆಕ್ಕ ಬಂತು. ಹತ್ತು ಕೋಟಿ ಜನ, ಒಬ್ಬೊಬ್ಬರೂ ಒಂಟಿ. ನಾನು ಕಲಿಸಿದ ಯಾವ ಗಣಿತದಲ್ಲೂ ಈ ಲೆಕ್ಕ ಕೂಡುವುದಿಲ್ಲ.

ಈಗ ಹೇಳುವುದು ಸ್ವಲ್ಪ ಕಷ್ಟದ್ದು.

ನಾವು ಅಪ್ಪನನ್ನು "ಅಣ್ಣ" ಅನ್ನುತ್ತಿದ್ದೆವು. ಅಂಚೆ ಇಲಾಖೆಯಲ್ಲಿ ಇದ್ದವರು. ಅಮ್ಮ ಹೋದ ಮೇಲೆ, 1999ರಿಂದ, ನಮ್ಮ ಮನೆಯಲ್ಲೇ ಇದ್ದರು. ಅವರಿಗೆ ಶುಗರ್ ಇತ್ತು. ನಾನು ಪೊಲೀಸ್ ಆದೆ. ಬೇರೆ ಪದ ಇಲ್ಲ. ಸಕ್ಕರೆ ಡಬ್ಬ ಮೇಲಿನ ಅಟ್ಟಕ್ಕೆ ಹೋಯಿತು. ಅವರ ತಟ್ಟೆಗೆ ಅನ್ನವನ್ನು ಬಟ್ಟಲಲ್ಲಿ ಅಳೆದು ಹಾಕುತ್ತಿದ್ದೆ. ಒಂದು ಭಾನುವಾರ ಬಟ್ಟೆ ಒಗೆಯೋಕೆ ಹಾಕುವಾಗ ಅವರ ಜುಬ್ಬದ ಜೇಬಿನಲ್ಲಿ ಪೆಪ್ಪರ್‌ಮಿಂಟು ಸಿಕ್ಕಿತು. ಆರು. ಒಂದರ ಕಾಗದ ಬಿಚ್ಚಿ ಮತ್ತೆ ಸುತ್ತಿಟ್ಟಿದ್ದರು.

ಅವತ್ತು ಮನೆಗೆ ತಮ್ಮನ ಬೀಗರು ಬಂದಿದ್ದರು. ನಾನು ಆ ಆರನ್ನೂ ತಂದು ಟೀಪಾಯಿ ಮೇಲೆ ಸಾಲಾಗಿ ಜೋಡಿಸಿದೆ. "ನೋಡಿ, ನಮ್ಮ ಅಣ್ಣನ ಸಂಪಾದನೆ" ಅಂದೆ. ಎಲ್ಲರೂ ನಕ್ಕರು. ಅಣ್ಣ ಕಿಟಕಿ ಕಡೆ ನೋಡಿಕೊಂಡು, "ಮೊಮ್ಮಗಳಿಗೆ ಅಂತ ತಂದಿದ್ದೆ" ಅಂದರು. ಅಷ್ಟೇ. ಆಮೇಲೆ ಅವರ ಜೇಬಿನಲ್ಲಿ ಪೆಪ್ಪರ್‌ಮಿಂಟು ಸಿಗಲೇ ಇಲ್ಲ. ನಾನು ಗೆದ್ದೆ ಅಂದುಕೊಂಡೆ. 2004ರಲ್ಲಿ ಅವರು ಹೋದರು.

ನನಗೆ ಶುಗರ್ ಬಂದು ಮೂರನೇ ವರ್ಷ, ಮಾತ್ರೆ ಬದಲಾದ ಹೊಸದರಲ್ಲಿ, ಬಸ್‌ಸ್ಟಾಪಿನಲ್ಲಿ ಮೊದಲನೇ ಸಲ ಲೋ ಆಯಿತು. ಕಾಲು ಹತ್ತಿಯಾದ ಹಾಗೆ, ಮೈಯೆಲ್ಲ ತಣ್ಣನೆ ಬೆವರು. ಡಾಕ್ಟರು ಅಂದರು, "ಕೆಲವು ಮಾತ್ರೆ ಹಾಗೆ ಮೇಡಂ, ಸಕ್ಕರೆಯನ್ನು ಜಾಸ್ತಿಯೇ ಇಳಿಸಿಬಿಡುತ್ತವೆ. ಹೊರಗೆ ಹೋಗುವಾಗ ಜೇಬಿನಲ್ಲಿ ನಾಲ್ಕು ಪೆಪ್ಪರ್‌ಮಿಂಟು ಇಟ್ಟುಕೊಳ್ಳಿ."

ಅಣ್ಣ ತಗೋತಿದ್ದಿದ್ದು ಗ್ಲೈಬೆನ್‌ಕ್ಲಮೈಡ್. ಹಾಗೆ ಇಳಿಸುವುದರಲ್ಲಿ ಹೆಸರಾದ ಮಾತ್ರೆ. ಸಂಜೆ ವಾಕಿಂಗ್ ಹೋಗಿ ಕೆಲವು ದಿನ ಅವರು ಪೂರ್ತಿ ಒದ್ದೆಯಾಗಿ ಬರುತ್ತಿದ್ದರು. "ಸೆಕೆ" ಅನ್ನುತ್ತಿದ್ದರು. ಮೈಸೂರಿನಲ್ಲಿ, ಡಿಸೆಂಬರ್‌ನಲ್ಲಿ.

ಆ ಪೆಪ್ಪರ್‌ಮಿಂಟು ಆಸೆಗೋ, ಆಸರೆಗೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಲಿಲ್ಲವಲ್ಲ. ಪೊಲೀಸರು ಕೇಳುವ ಥರ ಕೇಳಿದೆ, ಅದಕ್ಕೆ ಕಳ್ಳ ಹೇಳುವ ಥರದ ಉತ್ತರ ಬಂತು.

(ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಬೇಕಾಯಿತು. ಯಾರೋ ನೀರು ತಂದುಕೊಟ್ಟರು.)

ಇರಲಿ. ಊಟದ ವಿಷಯಕ್ಕೆ ಬರೋಣ. ನಮ್ಮ ಭಾಷೆಯಲ್ಲಿ ಒಳ್ಳೆಯದೆಲ್ಲ ಸಿಹಿ. ಸಿಹಿಸುದ್ದಿ, ಸವಿನೆನಪು, ಬಾಯಿ ಸಿಹಿ ಮಾಡಿ. ಸಂಕ್ರಾಂತಿಗೆ "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅಂತ ಕೈಗೆ ಕೊಡುತ್ತಾರೆ. ಬೇಡ ಅಂದರೆ ಎಳ್ಳು ಬೆಲ್ಲವನ್ನು ಬೇಡ ಅಂದ ಹಾಗೋ, ಒಳ್ಳೆ ಮಾತನ್ನೇ ಬೇಡ ಅಂದ ಹಾಗೋ? ಬಾಳೆ ಎಲೆ ಮುಂದೆ ಕೂತರೆ ಎರಡು ಪಂಗಡ. ಒಬ್ಬರು "ಒಂದು ಹೋಳಿಗೆಗೆ ಏನೂ ಆಗಲ್ಲ ಬಡಿಸಿ, ಒಂದು ಮಾತ್ರೆ ಜಾಸ್ತಿ ತಗೋತಾರೆ" ಅನ್ನುವವರು. ಇನ್ನೊಬ್ಬರು ಆ ಕೊನೆಯಿಂದ "ಅವರಿಗೆ ಹಾಕ್ಬೇಡಿ, ಶುಗರ್ ಇದೆ!" ಅಂತ ಛತ್ರಕ್ಕೆಲ್ಲ ಕೇಳುವ ಹಾಗೆ ಕೂಗುವವರು. ಇಬ್ಬರಿಗೂ ನಮ್ಮ ಮೇಲೆ ಪ್ರೀತಿ. ನಮ್ಮನ್ನು ಕೇಳುವವರು ಮಾತ್ರ ಇಬ್ಬರಲ್ಲಿ ಒಬ್ಬರೂ ಇಲ್ಲ.

ಕೈ ತೊಳೆಯುವ ಜಾಗದಲ್ಲಿ ಔಷಧಿ ಸಲಹೆ ಶುರು. ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ, ಇನ್ಸುಲಿನ್ ಗಿಡದ ಎಲೆ. ಸಕ್ಕರೆ ಬೇಡ, ಬೆಲ್ಲ ಆಗುತ್ತೆ ಅಂತಾರೆ. ಆಗಲ್ಲ, ರಕ್ತಕ್ಕೆ ಹೋದ ಮೇಲೆ ಎರಡೂ ಒಂದೇ. ಮುದ್ದೆ ಎಷ್ಟು ತಿಂದರೂ ಪರವಾಗಿಲ್ಲ ಅಂತಾರೆ. ರಾಗಿಯಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ನಾನು ಮೊದಲೆಲ್ಲ ವಾದ ಮಾಡುತ್ತಿದ್ದೆ. ಈಗ "ಹೌದಾ" ಅಂತೀನಿ. ಸಲಹೆ ಕೊಡುವವರಿಗೂ ಏನೋ ಒಂದು ಕೊಟ್ಟ ಸಮಾಧಾನ ಬೇಕಲ್ಲ.

ಹೆಣ್ಣುಮಕ್ಕಳು ಇಲ್ಲಿ ಸುಮಾರು ಜನ ಇದ್ದೀರಿ, ನಿಮಗೆ ಇದು ಗೊತ್ತಿರುತ್ತೆ. ಮನೆಯ ಯಜಮಾನರಿಗೆ ಶುಗರ್ ಬಂದರೆ ಮನೆಯ ಅಡುಗೆ ಬದಲಾಗುತ್ತೆ. ಮನೆಯಾಕೆಗೆ ಬಂದರೆ ಅವಳ ತಟ್ಟೆ ಮಾತ್ರ ಬದಲಾಗುತ್ತೆ. ಎಲ್ಲರಿಗೂ ಪಾಯಸ ಕಲಸಿ, ಸಿಹಿ ಸರಿಯಾಗಿದೆಯಾ ಅಂತ ರುಚಿ ನೋಡದೆ ಅಂದಾಜಲ್ಲೇ ಮಾಡಿ, ತಾನು ಚಪಾತಿ ಹಿಡಿದು ಒಳಗೆ ಕೂರುತ್ತಾಳೆ. ಮೂರನೇ ಸಾಲಿನಲ್ಲಿ ತಲೆ ಅಲ್ಲಾಡಿಸುತ್ತಿರುವವರೇ, ನಿಮ್ಮನ್ನೇ ಹೇಳ್ತಿರೋದು.

ಎರಡು ವರ್ಷದ ಹಿಂದೆ ನನಗೆ ಇನ್ಸುಲಿನ್ ಶುರುವಾಯಿತು. ನಮ್ಮಲ್ಲಿ "ಇಂಜೆಕ್ಷನ್‌ಗೆ ಬಂದ್ರು ಅಂದ್ರೆ ಮುಗೀತು" ಅನ್ನುವ ಮಾತಿದೆ. ಹಾಗೇನಿಲ್ಲ, ವರ್ಷ ಕಳೆದ ಹಾಗೆ ಮಾತ್ರೆ ಸಾಲದೆ ಹೋಗುವುದು ತುಂಬಾ ಜನರಿಗೆ ಆಗುವಂಥದ್ದು. ಇದೆಲ್ಲ ಗೊತ್ತಿದ್ದ ನಾನೇ ಪುಣೆಯಲ್ಲಿರುವ ಮಗಳಿಗೆ ಎರಡು ತಿಂಗಳು ಹೇಳಲಿಲ್ಲ. ನೋಡಿ, ಇಷ್ಟು ವರ್ಷ ಆದ ಮೇಲೂ! ಅವಳು ರಜೆಗೆ ಬಂದಳು. ಕೊತ್ತಂಬರಿ ಸೊಪ್ಪು ತೆಗೆಯೋಕೆ ಫ್ರಿಜ್ ಬಾಗಿಲು ತೆಗೆದಳು. ಬಾಗಿಲ ತಟ್ಟೆಯಲ್ಲಿ, ನಿಂಬೆಹಣ್ಣಿನ ಪಕ್ಕದಲ್ಲಿ, ಹೊಸ ಇನ್ಸುಲಿನ್ ಪೆನ್ನುಗಳ ಡಬ್ಬ. ನಾನು ಒಲೆ ಹತ್ತಿರ ನಿಂತಿದ್ದೆ. ಬೈಗುಳಕ್ಕೆ ಕಾದೆ. ಅಣ್ಣ ಕಿಟಕಿ ಕಡೆ ನೋಡಿದ ಹಾಗೆ ನಾನು ಸಾರಿನ ಕಡೆ ನೋಡುತ್ತಿದ್ದೆ.

ಅವಳು ಬಾಗಿಲು ಮುಚ್ಚಿದಳು. ಸೊಪ್ಪು ಬಿಡಿಸೋಕೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ, "ನೋವಾಗುತ್ತಾ ಅಮ್ಮ?" ಅಂದಳು.

ಅಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. "ಇಲ್ಲ" ಅಂದೆ. ಆಮೇಲೆ "ಸ್ವಲ್ಪ ಆಗುತ್ತೆ" ಅಂದೆ. ಸಾರು ಉಕ್ಕಿತು.

ನನ್ನ ಮಾತು ಇಷ್ಟೇ. ಯಾರಾದರೂ ಏನಾದರೂ ಕೇಳುವುದಿದ್ದರೆ ಕೇಳಬಹುದು.

(ಸ್ವಲ್ಪ ಹೊತ್ತು ಯಾರೂ ಕೇಳಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದರು. ಕುರ್ಚಿ ಕೆಳಗೆ ಕಾಫಿ ಲೋಟ ಇಟ್ಟವರೇ. ಗಂಟಲು ಸರಿಮಾಡಿಕೊಂಡು, "ಮೇಡಂ, ತಪ್ಪು ತಿಳೀಬೇಡಿ. ಈಗ ಎಷ್ಟಿದೆ ನಿಮ್ದು?" ಅಂದರು. ಸಭೆಯೆಲ್ಲ ನಕ್ಕಿತು. ಅವರೂ ನಕ್ಕರು. "ಮೂರು ತಿಂಗಳದ್ದು 7.6" ಅಂದೆ. "ಓ, ಬಾರ್ಡರ್!" ಅಂತ ಯಾರೋ ಕೂಗಿದರು.)